ಕೊಬ್ಬಿನ ಗುಳ್ಳೆಯೊಂದರ ಅರವತ್ತು ವರ್ಷ

2021ರ ಮೇ ತಿಂಗಳು ನೆನಪಿದೆಯಾ ನಿಮಗೆ? ಕೊರೊನಾ ಎರಡನೇ ಅಲೆ. ಬೆಡ್ ಇಲ್ಲ, ಆಕ್ಸಿಜನ್ ಇಲ್ಲ. ಅದರಿಂದ ಹೇಗೋ ಬಚಾವಾಗಿ ಮನೆಗೆ ಬಂದವರಲ್ಲಿ ಕೆಲವರಿಗೆ ಕಣ್ಣು ಊದಿಕೊಳ್ಳುತ್ತಿತ್ತು, ಮೂಗಿನ ಪಕ್ಕ ಕಪ್ಪಾಗುತ್ತಿತ್ತು. ಬ್ಲ್ಯಾಕ್ ಫಂಗಸ್. ಮನೆಯವರು ಡಾಕ್ಟರ್ ಬರೆದುಕೊಟ್ಟ ಚೀಟಿ ಹಿಡಿದು ಒಂದು ಮೆಡಿಕಲ್ ಶಾಪಿನಿಂದ ಇನ್ನೊಂದಕ್ಕೆ ಓಡುತ್ತಿದ್ದರು. ಚೀಟಿಯಲ್ಲಿದ್ದ ಹೆಸರು ಲೈಪೋಸೋಮಲ್ ಆಂಫೋಟೆರಿಸಿನ್ ಬಿ. ದೇಶದಲ್ಲಿ ಅದರ ಕೊರತೆ ಎಷ್ಟಿತ್ತು ಅಂದರೆ, ಈ ರಾಜ್ಯಕ್ಕೆ ಇಷ್ಟು ವಯಲ್, ಆ ರಾಜ್ಯಕ್ಕೆ ಅಷ್ಟು ವಯಲ್ ಅಂತ ಕೇಂದ್ರ ಸರ್ಕಾರ ರೇಷನ್ ಥರ ಹಂಚಬೇಕಾಯಿತು.

ಆ ಹೆಸರನ್ನು ಆ ದಿನಗಳಲ್ಲಿ ನಾನು ಸ್ಟುಡಿಯೋದಲ್ಲಿ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಆಂಫೋಟೆರಿಸಿನ್ ಅನ್ನೋದು ಔಷಧಿ. 1950ರ ದಶಕದಿಂದ ಇದೆ. ಫಂಗಸ್ ಕೊಲ್ಲುತ್ತೆ, ಜೊತೆಗೆ ರೋಗಿಯ ಕಿಡ್ನಿಯನ್ನೂ ಹಿಂಡುತ್ತೆ. ಹಾಗಾದರೆ ಮುಂದಿರುವ ಆ ಲೈಪೋಸೋಮಲ್ ಅಂದರೇನು? ಔಷಧಿಯನ್ನು ಕೊಬ್ಬಿನ ಸಣ್ಣ ಗುಳ್ಳೆಯೊಳಗೆ ಕೂರಿಸಿ ಕಳಿಸುವುದು. ಔಷಧಿ ಅದೇ, ಸವಾರಿ ಬೇರೆ. ಕಿಡ್ನಿಗೆ ಆಗುವ ಪೆಟ್ಟು ಬಹಳ ಕಡಿಮೆ. ಜನ ಹುಡುಕಿ ಅಲೆದದ್ದು ಆ ಸವಾರಿಗಾಗಿ.

ಈಗ ಕೇಳಿ. ಅದೇ ಹೊತ್ತಿನಲ್ಲಿ ಅಮೆರಿಕ, ಯುರೋಪಿನಲ್ಲಿ ಕೋಟಿ ಕೋಟಿ ಜನರ ತೋಳಿಗೆ ಹೋಗುತ್ತಿದ್ದ ಫೈಜರ್, ಮಾಡರ್ನಾ ಲಸಿಕೆಗಳ ಒಳಗೂ ಇದ್ದದ್ದು ಇದೇ ಕೊಬ್ಬಿನ ಗುಳ್ಳೆಯ ಮನೆತನದ ಒಂದು ಕುಡಿ. ಅಜ್ಜನ ಹೆಸರು ಲೈಪೋಸೋಮ್, ಮೊಮ್ಮಗನ ಹೆಸರು ಲಿಪಿಡ್ ನ್ಯಾನೊಪಾರ್ಟಿಕಲ್. ಎಂಆರ್‌ಎನ್‌ಎ ಅನ್ನುವ ಪದ ಜಗತ್ತಿಗೆಲ್ಲಾ ಗೊತ್ತಾಯಿತು. ಅದನ್ನು ಹೊತ್ತು ತಂದವನ ಹೆಸರು ಯಾರ ಬಾಯಲ್ಲೂ ಇಲ್ಲ. ಆ ಹೊತ್ತು ತಂದವನ ಚರಿತ್ರೆಯನ್ನೇ ಇವತ್ತು ಹೇಳ್ತೀನಿ. ಯಾಕೆ ಹೇಳಬೇಕು ಅನ್ನೋದಕ್ಕೂ ಕಾರಣ ಇದೆ, ಕೊನೆಗೆ ಬರ್ತೀನಿ.

ಮೊದಲು ಸಮಸ್ಯೆ ಏನು ಅಂತ ತಿಳಿದುಕೊಳ್ಳೋಣ. ನಮ್ಮ ಪ್ರತಿ ಜೀವಕೋಶವೂ ಒಂದು ಕಾರ್ಖಾನೆ. ಅಲ್ಲಿ ಪ್ರೋಟೀನ್ ತಯಾರಾಗುತ್ತೆ. ಏನು ತಯಾರಿಸಬೇಕು ಅನ್ನುವ ಮೂಲ ದಾಖಲೆ ಡಿಎನ್‌ಎ, ಅದು ಒಳಕೋಣೆಯಲ್ಲಿ ಭದ್ರವಾಗಿರುತ್ತೆ. ಅದರಿಂದ ಬೇಕಾದ ಪುಟವನ್ನು ಮಾತ್ರ ನಕಲು ತೆಗೆದು ಹೊರಗೆ, ಯಂತ್ರಗಳಿರುವ ಜಾಗಕ್ಕೆ ಕಳಿಸುತ್ತಾರಲ್ಲ, ಆ ಚೀಟಿಯೇ ಎಂಆರ್‌ಎನ್‌ಎ. 1961ರಲ್ಲಿ ವಿಜ್ಞಾನಿಗಳು ಇದನ್ನು ಪತ್ತೆ ಹಚ್ಚಿದರು. ಕೆಲಸ ಮುಗಿದ ಮೇಲೆ ಚೀಟಿಯನ್ನು ಜೀವಕೋಶವೇ ಹರಿದು ಹಾಕುತ್ತೆ.

ಹಾಗಾದರೆ ಆ ಚೀಟಿಯನ್ನು ನಾವೇ ಲ್ಯಾಬಿನಲ್ಲಿ ಬರೆದು ಒಳಗೆ ಕಳಿಸಿದರೆ? ದೇಹವೇ ತನ್ನ ಔಷಧಿಯನ್ನು ತಾನು ತಯಾರಿಸಿಕೊಳ್ಳಬಹುದು! ಹೇಳುವುದಕ್ಕೆ ಸುಲಭ. ಆದರೆ ಈ ಚೀಟಿ ಮಹಾ ನಾಜೂಕು. ನಮ್ಮ ಚರ್ಮದ ಮೇಲೆ, ಬೆವರಿನಲ್ಲಿ, ರಕ್ತದಲ್ಲಿ, ಎಲ್ಲೆಲ್ಲೂ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವಗಳಿವೆ. ಬರಿಮೈಯಲ್ಲಿ ಬಿಟ್ಟರೆ ನಿಮಿಷಗಳಲ್ಲಿ ಚಿಂದಿ. ಉಳಿದರೂ ಬಾಗಿಲು ತೆರೆಯುವುದಿಲ್ಲ. ಜೀವಕೋಶದ ಪೊರೆ ಕೊಬ್ಬಿನದ್ದು, ಆರ್‌ಎನ್‌ಎ ನೀರಿನ ಗೆಳೆಯ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುವುದನ್ನು ನೋಡಿದ್ದೀರಲ್ಲ, ಆ ಕಥೆ. ಮೇಲಾಗಿ ಆರ್‌ಎನ್‌ಎಗೆ ಮೈತುಂಬಾ ಮೈನಸ್ ಚಾರ್ಜ್, ಪೊರೆಯ ಮೇಲೂ ಮೈನಸ್ ಚಾರ್ಜ್. ಮುಖ ಕಂಡರೆ ಆಗದ ದಾಯಾದಿಗಳ ಹಾಗೆ ಒಂದನ್ನೊಂದು ದೂರ ತಳ್ಳುತ್ತವೆ. ಚೀಟಿ ಬರೆಯುವುದಕ್ಕಿಂತ ಅದನ್ನು ತಲುಪಿಸುವುದೇ ದೊಡ್ಡ ಕೆಲಸ ಆಗಿದ್ದು ಹೀಗೆ.

ಇದಕ್ಕೆ ಉತ್ತರ ಸಿಕ್ಕಿದ್ದು ಉತ್ತರ ಹುಡುಕದವರ ಕೈಗೆ. 1960ರ ದಶಕದ ಆರಂಭ. ಇಂಗ್ಲೆಂಡಿನ ಕೇಂಬ್ರಿಡ್ಜ್ ಹತ್ತಿರ ಬಾಬ್ರಹಾಂ ಅನ್ನುವ ಊರು. ಅಲ್ಲಿನ ಪ್ರಾಣಿ ಶರೀರಶಾಸ್ತ್ರ ಸಂಸ್ಥೆಯಲ್ಲಿ ಅಲೆಕ್ ಬ್ಯಾಂಗಂ ಅಂತ ಒಬ್ಬ ವೈದ್ಯ ವಿಜ್ಞಾನಿ. ಅವರು ಆರ್.ಡಬ್ಲ್ಯು. ಹಾರ್ನ್ ಜೊತೆ ಸೇರಿ ಲೆಸಿಥಿನ್ ಅನ್ನುವ ಕೊಬ್ಬನ್ನು ನೀರಿನಲ್ಲಿ ಕದಡಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದರು. ಮೊಟ್ಟೆಯ ಹಳದಿಯಲ್ಲಿ ಇರುತ್ತಲ್ಲ, ಅದೇ ಲೆಸಿಥಿನ್. ಕಂಡದ್ದೇನು? ಈರುಳ್ಳಿಯ ಸಿಪ್ಪೆಯ ಹಾಗೆ ಪದರ ಪದರವಾಗಿ ಸುತ್ತಿಕೊಂಡ ಸೂಕ್ಷ್ಮ ಗುಳ್ಳೆಗಳು. ಯಾರೂ ಕಟ್ಟಿದ್ದಲ್ಲ, ಕೊಬ್ಬು ತನ್ನಷ್ಟಕ್ಕೆ ತಾನೇ ಕಟ್ಟಿಕೊಂಡದ್ದು. 1964ರಲ್ಲಿ ಇದರ ಪ್ರಬಂಧ ಬಂತು. ಸಹೋದ್ಯೋಗಿಗಳು ತಮಾಷೆಗೆ ಬ್ಯಾಂಗೋಸೋಮ್ ಅಂತ ಕರೆದರು. ಕೊನೆಗೆ ಉಳಿದ ಹೆಸರು ಲೈಪೋಸೋಮ್.

ಗುಳ್ಳೆ ಇದೆ ಅಂದಮೇಲೆ ಒಳಗೆ ಏನನ್ನಾದರೂ ತುಂಬಬಹುದು ಅನ್ನುವ ಯೋಚನೆ ಬರಲೇಬೇಕಲ್ಲ. 1978ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ಕೆಲಸ ಮಾಡಿದವು. ಮೊಲದ ರಕ್ತದ ಪ್ರೋಟೀನಿನ ಎಂಆರ್‌ಎನ್‌ಎ ತೆಗೆದು ಲೈಪೋಸೋಮ್ ಒಳಗೆ ತುಂಬಿ, ಒಂದು ತಂಡ ಇಲಿಯ ಜೀವಕೋಶಕ್ಕೆ, ಇನ್ನೊಂದು ತಂಡ ಮನುಷ್ಯನ ಜೀವಕೋಶಕ್ಕೆ ಕೊಟ್ಟಿತು. ಎರಡೂ ಕಡೆ ಆ ಜೀವಕೋಶಗಳು ಮೊಲದ ಪ್ರೋಟೀನ್ ತಯಾರಿಸಿದವು. 1978! ನಮ್ಮಲ್ಲಿ ಟಿವಿ ಇನ್ನೂ ಕಪ್ಪು ಬಿಳುಪು. ಎಂಆರ್‌ಎನ್‌ಎ ಲಸಿಕೆಯನ್ನು ಹತ್ತು ತಿಂಗಳಲ್ಲಿ ಅವಸರದಲ್ಲಿ ಮಾಡಿಬಿಟ್ಟರು ಅನ್ನುವವರು ಈ ಇಸವಿಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಬೇಕು.

ಆದರೆ ಆ ಗುಳ್ಳೆಗಳು ಲ್ಯಾಬಿನ ತಟ್ಟೆಯಲ್ಲಿ ನಡೆದವು, ದೇಹದಲ್ಲಿ ನಡೆಯಲಿಲ್ಲ. ಒಳಗೆ ಹಿಡಿಸುತ್ತಿದ್ದ ಆರ್‌ಎನ್‌ಎಯೂ ಬಹಳ ಕಡಿಮೆ. 1987ರಲ್ಲಿ ಅಮೆರಿಕದ ಫಿಲಿಪ್ ಫೆಲ್ಗ್ನರ್ ತಂಡ ಪ್ಲಸ್ ಚಾರ್ಜ್ ಇರುವ ಕೊಬ್ಬನ್ನು ತಯಾರಿಸಿತು. ಮೈನಸ್ ಚಾರ್ಜ್ ಇರುವ ಡಿಎನ್‌ಎ, ಆರ್‌ಎನ್‌ಎ ಅದಕ್ಕೆ ಅಯಸ್ಕಾಂತಕ್ಕೆ ಕಬ್ಬಿಣದಂತೆ ಅಂಟಿಕೊಂಡವು. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಮಲೋನ್, ಫೆಲ್ಗ್ನರ್ ಮತ್ತು ಭಾರತ ಮೂಲದ ಇಂದರ್ ವರ್ಮಾ ಇದೇ ಕೊಬ್ಬು ಬಳಸಿ ಜೀವಕೋಶಗಳಿಗೆ ಎಂಆರ್‌ಎನ್‌ಎ ತಲುಪಿಸಿ ತೋರಿಸಿದರು. ಮುಂದೆ ಇದೇ ಮಲೋನ್ ಎಂಆರ್‌ಎನ್‌ಎ ಕೋವಿಡ್ ಲಸಿಕೆಗಳ ಕಟು ಟೀಕಾಕಾರರಾದರು ಅನ್ನೋದು ಇನ್ನೊಂದು ಕಥೆ. ಇಲ್ಲಿ ಬಂದ ತೊಂದರೆ ಏನಪ್ಪಾ ಅಂದರೆ, ಸದಾ ಪ್ಲಸ್ ಚಾರ್ಜ್ ಹೊತ್ತ ಕೊಬ್ಬು ದೇಹಕ್ಕೆ ವಿಷ. ಜೀವಕೋಶದ ಪೊರೆಯನ್ನೇ ಕೆಡಿಸುತ್ತೆ.

ಅಷ್ಟರಲ್ಲಿ ಹಳೆಯ ಲೈಪೋಸೋಮ್ ಬೇರೆ ದಾರಿಯಲ್ಲಿ ಗೆದ್ದಿತ್ತು. 1990ರ ದಶಕದಲ್ಲಿ ಲೈಪೋಸೋಮಲ್ ಆಂಫೋಟೆರಿಸಿನ್ ಮಾರುಕಟ್ಟೆಗೆ ಬಂತು. 1995ರಲ್ಲಿ ಡಾಕ್ಸಿಲ್ ಅನ್ನುವ ಕ್ಯಾನ್ಸರ್ ಔಷಧಿಗೆ ಅಮೆರಿಕ ಅನುಮತಿ ಕೊಟ್ಟಿತು. ಬಡವರ ಪಾಲಿಗೆ ಇದು ಏನು ಮಾಡಿತು ಅಂತ ತಿಳಿಯಬೇಕಾದರೆ ಬಿಹಾರದ ಮುಜಫ್ಫರ್‌ಪುರಕ್ಕೆ ಹೋಗಬೇಕು. ಅಲ್ಲಿ ಕಾಲಾ ಅಜಾರ್ ಕಾಯಿಲೆಗೆ ಸಾದಾ ಆಂಫೋಟೆರಿಸಿನ್ ಅನ್ನು ದಿನ ಬಿಟ್ಟು ದಿನ 15 ಸಲ ಡ್ರಿಪ್ ಹಾಕಬೇಕಿತ್ತು. ಸುಮಾರು ಒಂದು ತಿಂಗಳು ಆಸ್ಪತ್ರೆ ವಾಸ. ಕೂಲಿ ಮಾಡುವವರು ಒಂದು ತಿಂಗಳು ಮಲಗಿದರೆ ಮನೆ ನಡೆಯುವುದು ಹೇಗೆ? ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಡಾ. ಶ್ಯಾಮ್ ಸುಂದರ್ ತಂಡ ಲೈಪೋಸೋಮಲ್ ಔಷಧಿಯನ್ನು ಒಂದೇ ಒಂದು ಸಲ ಕೊಟ್ಟು ನೋಡಿತು. 2010ರಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ನೋಡಿದಾಗ, 15 ಡ್ರಿಪ್ ಹಾಕಿಸಿಕೊಂಡವರಲ್ಲಿ ಗುಣವಾದವರು ಶೇ 96ರಷ್ಟು, ಒಂದೇ ಸಲ ಹಾಕಿಸಿಕೊಂಡವರಲ್ಲೂ ಶೇ 96ರಷ್ಟು. ಒಂದು ತಿಂಗಳ ಕೂಲಿ ಉಳಿಯಿತು. ಗುಳ್ಳೆಯ ಬೆಲೆ ಇದು.

ಈಗ ಕಥೆ ಕೆನಡಾಕ್ಕೆ ಹೋಗುತ್ತೆ. ವ್ಯಾಂಕೂವರ್ ನಗರದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ. ಪೀಟರ್ ಕಲ್ಲಿಸ್ ಓದಿದ್ದು ಫಿಸಿಕ್ಸ್. 1970ರ ದಶಕದಲ್ಲಿ ಕೊಬ್ಬಿನ ಕಡೆ ತಿರುಗಿದರು. ಜೀವಕೋಶದ ಪೊರೆಯಲ್ಲಿ ಇಷ್ಟೊಂದು ಬಗೆಯ ಕೊಬ್ಬು ಯಾಕಿದೆ, ಒಂದೇ ಬಗೆ ಸಾಕಾಗಲ್ವಾ? ಇದು ಅವರ ಪ್ರಶ್ನೆ. ಲಸಿಕೆಯ ಕನಸು ಯಾರಿಗೂ ಇರಲಿಲ್ಲ. ಕುತೂಹಲಕ್ಕೆ ಶುರುವಾದ ಆ ಕೆಲಸ ಅವರನ್ನು ಮತ್ತು ಅವರ ಜೊತೆಗಾರರನ್ನು ಒಂದು ಉಪಾಯಕ್ಕೆ ತಂದು ನಿಲ್ಲಿಸಿತು. ಗೋಸುಂಬೆಯಂಥ ಕೊಬ್ಬು.

ಈ ಉಪಾಯ ಅರ್ಥವಾದರೆ ಉಳಿದದ್ದೆಲ್ಲಾ ಅರ್ಥವಾದ ಹಾಗೆ. ಸದಾ ಪ್ಲಸ್ ಚಾರ್ಜ್ ಇದ್ದರೆ ವಿಷ, ಚಾರ್ಜೇ ಇಲ್ಲದಿದ್ದರೆ ಆರ್‌ಎನ್‌ಎ ಅಂಟುವುದಿಲ್ಲ. ಹಾಗಾದರೆ ಜಾಗ ನೋಡಿ ಬಣ್ಣ ಬದಲಿಸುವ ಕೊಬ್ಬು ಇದ್ದರೆ? ಹುಳಿ ಇರುವ ದ್ರಾವಣದಲ್ಲಿ ಇದಕ್ಕೆ ಪ್ಲಸ್ ಚಾರ್ಜ್ ಬರುತ್ತೆ. ಆಗ ಆರ್‌ಎನ್‌ಎಯನ್ನು ತಬ್ಬಿಕೊಳ್ಳುತ್ತೆ. ರಕ್ತದಲ್ಲಿ ಹುಳಿ ಇಲ್ಲ, ಅಲ್ಲಿ ಚಾರ್ಜ್ ಕಳಚಿಟ್ಟು ಸಾಧುವಿನ ಹಾಗೆ ತಿರುಗುತ್ತೆ. ಜೀವಕೋಶದ ಹತ್ತಿರ ಹೋದಾಗ ಜೀವಕೋಶ ಅದನ್ನು ಆಹಾರ ಅಂದುಕೊಂಡು ಒಂದು ಚೀಲದಲ್ಲಿ ಒಳಗೆ ಎಳೆದುಕೊಳ್ಳುತ್ತೆ. ಆ ಚೀಲಕ್ಕೆ ಎಂಡೋಸೋಮ್ ಅಂತ ಹೆಸರು. ಒಳಗೆ ಬಂದದ್ದನ್ನು ಅರಗಿಸಿಕೊಳ್ಳೋಣ ಅಂತ ಜೀವಕೋಶ ಚೀಲದೊಳಗೆ ಹುಳಿ ಏರಿಸುತ್ತೆ. ಅಲ್ಲೇ ಅದು ಏಮಾರೋದು! ಹುಳಿ ಏರಿದ ಕೂಡಲೇ ನಮ್ಮ ಗೋಸುಂಬೆಗೆ ಮತ್ತೆ ಪ್ಲಸ್ ಚಾರ್ಜ್. ಚೀಲದ ಗೋಡೆಯ ಮೈನಸ್ ಚಾರ್ಜಿನ ಕೊಬ್ಬಿಗೆ ಹೋಗಿ ಅಂಟಿ, ಗೋಡೆಯನ್ನು ಬಿರುಕು ಬಿಡಿಸುತ್ತೆ. ಆ ಬಿರುಕಿನಿಂದ ಎಂಆರ್‌ಎನ್‌ಎ ಹೊರಗೆ ಜಾರುತ್ತೆ. ಹಾಗಂತ ಎಲ್ಲವೂ ಪಾರಾಗುವುದಿಲ್ಲ. ಒಳಗೆ ಹೋದ ನೂರರಲ್ಲಿ ಕೆಲವೇ ಕೆಲವು ತಪ್ಪಿಸಿಕೊಳ್ಳುತ್ತವೆ, ಉಳಿದದ್ದು ಚೀಲದಲ್ಲೇ ಜೀರ್ಣ. ಆ ಕೆಲವೇ ಸಾಕು.

ಗೋಸುಂಬೆ ಒಂದೇ ಇದ್ದರೆ ಗುಳ್ಳೆ ನಿಲ್ಲುವುದಿಲ್ಲ. ಒಟ್ಟು ನಾಲ್ಕು ಸಾಮಾನು ಬೇಕು. ಎರಡನೆಯದು ಕೊಲೆಸ್ಟ್ರಾಲ್. ಹೌದು, ಲ್ಯಾಬ್ ರಿಪೋರ್ಟಿನಲ್ಲಿ ನೋಡಿ ನಾವು ಹೆದರುತ್ತೇವಲ್ಲ, ಅದೇ. ಇಲ್ಲಿ ಸಂದು ತುಂಬುವ ಗಾರೆಯ ಕೆಲಸ ಮಾಡುತ್ತೆ. ಮೂರನೆಯದು ನಮ್ಮ ಜೀವಕೋಶದ ಪೊರೆಯಲ್ಲಿರುವ ಜಾತಿಯದ್ದೇ ಆದ ಫಾಸ್ಫೋಲಿಪಿಡ್. ನಾಲ್ಕನೆಯದು ಪೆಗ್ ಅಂಟಿಸಿದ ಕೊಬ್ಬು. ಇದು ಮೇಲಂಗಿ. ಗುಳ್ಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದ ಹಾಗೆ ತಡೆಯುತ್ತೆ. ಈ ನಾಲ್ಕನ್ನೂ ಆಲ್ಕೋಹಾಲಿನಲ್ಲಿ ಕರಗಿಸಿ, ಆರ್‌ಎನ್‌ಎಯನ್ನು ಹುಳಿ ನೀರಿನಲ್ಲಿ ಕರಗಿಸಿ, ಎರಡು ಕೊಳವೆಗಳಿಂದ ರಭಸವಾಗಿ ತಂದು ಒಂದು ಸಂಗಮದಲ್ಲಿ ಡಿಕ್ಕಿ ಹೊಡೆಸುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗುಳ್ಳೆಗಳು ತಾವೇ ಕಟ್ಟಿಕೊಳ್ಳುತ್ತವೆ. ಒಂದೊಂದರ ಗಾತ್ರ ಸುಮಾರು 100 ನ್ಯಾನೊಮೀಟರ್. ನಿಮ್ಮ ತಲೆಗೂದಲಿನ ಅಡ್ಡಗಲದಲ್ಲಿ ಇಂಥ ಸುಮಾರು ಸಾವಿರ ಗುಳ್ಳೆ ಸಾಲಾಗಿ ನಿಲ್ಲುತ್ತವೆ.

ಇದೆಲ್ಲಾ ಸಲೀಸಾಗಿ ಆಯಿತಾ? ಇಲ್ಲ ಸ್ವಾಮಿ. ಇಲ್ಲಿ ಸೋಲು, ಜಗಳ, ಕೋರ್ಟು ಎಲ್ಲಾ ಇದೆ. ಕಲ್ಲಿಸ್ ಸೇರಿ ಕಟ್ಟಿದ ಇನೆಕ್ಸ್ ಕಂಪನಿಯ ಕ್ಯಾನ್ಸರ್ ಔಷಧಿಗೆ 2005ರಲ್ಲಿ ಅಮೆರಿಕದ ಅನುಮತಿ ಸಿಗಲಿಲ್ಲ. ಕಂಪನಿ ನೆಲಕಚ್ಚಿತು, ಜನ ಕೆಲಸ ಕಳೆದುಕೊಂಡರು. ಅದೇ ಔಷಧಿಗೆ 2012ರಲ್ಲಿ ಬೇರೆ ಕಂಪನಿಯ ಕೈಯಲ್ಲಿ ಅನುಮತಿ ಸಿಕ್ಕಿತು! ಇನೆಕ್ಸ್‌ನಿಂದ ಒಡೆದು ಬಂದ ಪ್ರೊಟಿವಾ ಕಂಪನಿಯಲ್ಲಿ ಇಯಾನ್ ಮ್ಯಾಕ್ಲಾಕ್ಲನ್ ತಂಡ, ಈಗ ಹೇಳಿದೆನಲ್ಲ, ಆ ಎರಡು ಕೊಳವೆಗಳ ಮಿಶ್ರಣ ವಿಧಾನವನ್ನು ರೂಪಿಸಿತು. ಮುಂದೆ ಹಳೆಯ ಗೆಳೆಯರೇ ಎದುರಾಳಿಗಳಾದರು. ಯಾವ ಕೊಬ್ಬು ಯಾರದ್ದು ಅನ್ನುವ ತಕರಾರು ಟೆಕ್‌ಮಿರಾ ಮತ್ತು ಆಲ್ನಿಲಂ ಕಂಪನಿಗಳ ನಡುವೆ 2011ರಲ್ಲಿ ಕೋರ್ಟಿಗೆ ಹೋಯಿತು. 2012ರಲ್ಲಿ ಆಲ್ನಿಲಂ 6.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆಮೇಲೆ ಮ್ಯಾಕ್ಲಾಕ್ಲನ್ ಕಂಪನಿಯನ್ನೇ ಬಿಟ್ಟು ಹೊರನಡೆದರು. ಲಸಿಕೆ ಬಂದ ಮೇಲೂ ಪೇಟೆಂಟ್ ಜಗಳ ನಿಲ್ಲಲಿಲ್ಲ. 2022ರಲ್ಲಿ ಮಾಡರ್ನಾ ಮೇಲೆ, 2023ರಲ್ಲಿ ಫೈಜರ್ ಮೇಲೆ ಇದೇ ಗುಳ್ಳೆಯ ಹಕ್ಕಿಗಾಗಿ ಕೇಸು ಬಿದ್ದವು.

ಈ ಗುಳ್ಳೆ ಮೊದಲು ಗೆದ್ದದ್ದು ಲಸಿಕೆಯಲ್ಲಲ್ಲ. 2018ರ ಆಗಸ್ಟಿನಲ್ಲಿ ಆನ್‌ಪ್ಯಾಟ್ರೋ ಅನ್ನುವ ಔಷಧಿಗೆ ಅಮೆರಿಕದ ಎಫ್‌ಡಿಎ ಅನುಮತಿ ಕೊಟ್ಟಿತು. ಪಿತ್ತಜನಕಾಂಗ, ಅಂದರೆ ಲಿವರ್, ತಯಾರಿಸುವ ಒಂದು ದೋಷಪೂರಿತ ಪ್ರೋಟೀನ್ ನರಗಳಲ್ಲಿ ಶೇಖರವಾಗಿ ರೋಗಿಯನ್ನು ಕುಗ್ಗಿಸುವ ಅಪರೂಪದ ವಂಶವಾಹಿ ಕಾಯಿಲೆಗೆ ಅದು ಮದ್ದು. ಒಳಗಿದ್ದದ್ದು ಎಂಆರ್‌ಎನ್‌ಎ ಅಲ್ಲ, ಕೆಟ್ಟ ಚೀಟಿಯನ್ನು ಹರಿದುಹಾಕುವ ಸಣ್ಣ ಆರ್‌ಎನ್‌ಎ. ಆದರೆ ಗುಳ್ಳೆ ಇದೇ. ಮನುಷ್ಯನ ದೇಹದಲ್ಲಿ ಇದು ಕೆಲಸ ಮಾಡುತ್ತೆ, ಕಾರ್ಖಾನೆಯಲ್ಲಿ ಇದನ್ನು ತಯಾರಿಸಬಹುದು ಅನ್ನೋದು ಕೊರೊನಾ ಬರುವ ಒಂದೂವರೆ ವರ್ಷ ಮೊದಲೇ ಸಾಬೀತಾಗಿತ್ತು.

ಚೀಟಿ ಬರೆಯುವವರ ಕಡೆ ಏನಾಗುತ್ತಿತ್ತು? ಅದು ಕಟಾಲಿನ್ ಕರಿಕೊ ಅವರ ಕಥೆ. ಹಂಗೇರಿಯ ಒಬ್ಬ ಕಟುಕನ ಮಗಳು. 1985ರಲ್ಲಿ ಗಂಡ, ಎರಡು ವರ್ಷದ ಮಗಳ ಜೊತೆ ಅಮೆರಿಕಕ್ಕೆ ಹೊರಟಾಗ ಕಾರು ಮಾರಿದ ದುಡ್ಡನ್ನು ಮಗಳ ಕರಡಿ ಬೊಂಬೆಯೊಳಗೆ ಬಚ್ಚಿಟ್ಟುಕೊಂಡು ಬಂದವರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಎಂಆರ್‌ಎನ್‌ಎ ಎಂಆರ್‌ಎನ್‌ಎ ಅಂತ ಹಠ ಹಿಡಿದರು. ಅನುದಾನ ಬರಲಿಲ್ಲ. 1995ರಲ್ಲಿ ಹುದ್ದೆಯಿಂದ ಕೆಳಗಿಳಿಸಿದರು. ಅದಾದ ಮೇಲೆ ಜೆರಾಕ್ಸ್ ಮೆಷಿನ್ ಹತ್ತಿರ ಡ್ರೂ ವೈಸ್‌ಮನ್ ಪರಿಚಯ. ಇಬ್ಬರೂ ಸೇರಿ ಇನ್ನೊಂದು ಗಂಟು ಬಿಡಿಸಿದರು. ಹೊರಗಿನಿಂದ ಬಂದ ಆರ್‌ಎನ್‌ಎಯನ್ನು ದೇಹ ವೈರಸ್ ಅಂತ ತಿಳಿದು ಮೈಮೇಲೆ ಬೀಳುತ್ತೆ, ಉರಿಯೂತ ಆಗುತ್ತೆ. ಯುರಿಡಿನ್ ಅನ್ನುವ ಅಕ್ಷರದ ಜಾಗದಲ್ಲಿ ಸ್ಯೂಡೊಯುರಿಡಿನ್ ಇಟ್ಟರೆ ದೇಹ ಸುಮ್ಮನಿರುತ್ತೆ ಅಂತ 2005ರಲ್ಲಿ ತೋರಿಸಿದರು. ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಹೀಗೆ ಚೀಟಿ ಒಂದೂರಿನಲ್ಲಿ, ಸವಾರಿ ಇನ್ನೊಂದೂರಿನಲ್ಲಿ. ಎರಡೂ ಸೇರಬೇಕಿತ್ತು. 2012ರಲ್ಲಿ ನೊವಾರ್ಟಿಸ್ ತಂಡ ಆರ್‌ಎನ್‌ಎ ಲಸಿಕೆಯನ್ನು ಈ ಗುಳ್ಳೆಯಲ್ಲಿಟ್ಟು ಪ್ರಾಣಿಗಳಲ್ಲಿ ಪರೀಕ್ಷಿಸಿತು. 2015ರಲ್ಲಿ ವೈಸ್‌ಮನ್, ಕರಿಕೊ ತಂಡ ತಮ್ಮ ತಿದ್ದಿದ ಎಂಆರ್‌ಎನ್‌ಎಯನ್ನು ವ್ಯಾಂಕೂವರಿನ ಅಕ್ವಿಟಾಸ್ ಕಂಪನಿಯ ಗುಳ್ಳೆಯಲ್ಲಿ ತುಂಬಿ ಇಲಿಗಳಿಗೆ ಕೊಟ್ಟಿತು. ಆ ಅಕ್ವಿಟಾಸ್ ಕಟ್ಟಿದವರು ಕಲ್ಲಿಸ್ ಮತ್ತು ಅವರ ಹಳೆಯ ಸಹೋದ್ಯೋಗಿ ಟಾಂ ಮ್ಯಾಡನ್. ಎಂಆರ್‌ಎನ್‌ಎ ಇಲಿಗಳ ದೇಹದಲ್ಲಿ ದಿನಗಟ್ಟಲೆ ಪ್ರೋಟೀನ್ ತಯಾರಿಸಿತು. ಜೋಡಿ ಕೂಡಿತು.

ಮುಂದಿನದ್ದು ನಿಮಗೆ ಗೊತ್ತು. 2020ರ ಜನವರಿ ಎರಡನೇ ವಾರದಲ್ಲಿ ಚೀನಾದಿಂದ ವೈರಸ್ಸಿನ ಜೀನೋಂ ಬಹಿರಂಗವಾಯಿತು. ಮಾರ್ಚ್ 16ಕ್ಕೆ ಸಿಯಾಟಲ್‌ನಲ್ಲಿ ಮಾಡರ್ನಾ ಲಸಿಕೆಯ ಮೊದಲ ಪ್ರಯೋಗ. ಡಿಸೆಂಬರ್ 8ಕ್ಕೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ 90 ವರ್ಷದ ಅಜ್ಜಿಯೊಬ್ಬರು ಪ್ರಯೋಗದ ಹೊರಗೆ ಫೈಜರ್ ಲಸಿಕೆ ಪಡೆದ ಮೊದಲಿಗರಾದರು. ಒಂದು ಡೋಸ್‌ನಲ್ಲಿ ಇದ್ದದ್ದು 30 ಮೈಕ್ರೋಗ್ರಾಂ ಎಂಆರ್‌ಎನ್‌ಎ. ಒಂದು ಗ್ರಾಂನಲ್ಲಿ 33 ಸಾವಿರ ಡೋಸ್! ಆ ಅವಸರದಲ್ಲಿ ಹೊಸದಾಗಿ ಬರೆದದ್ದು ಚೀಟಿಯ ಒಕ್ಕಣೆಯನ್ನು. ಲಕೋಟೆಯ ಹಿಂದೆ ದಶಕಗಳ ಕೆಲಸ ಇತ್ತು.

ಎರಡೂ ಬೇಕು ಅನ್ನುವುದಕ್ಕೆ ಒಂದು ಸಾಕ್ಷಿ ಕೊಡ್ತೀನಿ. ಜರ್ಮನಿಯ ಕ್ಯೂರ್‌ವ್ಯಾಕ್ ಕಂಪನಿ ಎಂಆರ್‌ಎನ್‌ಎ ಕ್ಷೇತ್ರದಲ್ಲಿ ಎಲ್ಲರಿಗಿಂತ ಹಳಬರು. ಅವರ ಕೋವಿಡ್ ಲಸಿಕೆಯಲ್ಲೂ ಇಂಥದ್ದೇ ಗುಳ್ಳೆ ಇತ್ತು. ಆದರೆ ಎಂಆರ್‌ಎನ್‌ಎ ಅಕ್ಷರ ತಿದ್ದಿರಲಿಲ್ಲ. 2021ರಲ್ಲಿ ಫಲಿತಾಂಶ ಬಂದಾಗ ಪರಿಣಾಮ ಶೇ 48 ಮಾತ್ರ. ಫೈಜರ್, ಮಾಡರ್ನಾ ಶೇ 94-95 ಮುಟ್ಟಿದ್ದವು. ಆಗ ಓಡಾಡುತ್ತಿದ್ದ ವೈರಸ್ಸಿನ ತಳಿಗಳೂ ಬದಲಾಗಿದ್ದವು ಅನ್ನೋದು ನಿಜ. ಡೋಸ್ ಕೂಡ ಕಡಿಮೆ ಇತ್ತು. ಆದರೂ ಚೀಟಿ ಸರಿ ಇಲ್ಲದಿದ್ದರೆ ಸವಾರಿ ಒಂದೇ ಸಾಲದು ಅನ್ನುವ ಪಾಠ ಅದರಲ್ಲಿತ್ತು. ಹಾಗೇನೇ ಸವಾರಿ ಇಲ್ಲದಿದ್ದರೆ ಚೀಟಿ ದಾರಿಯಲ್ಲೇ ಮಣ್ಣುಪಾಲು.

2023ರಲ್ಲಿ ಕರಿಕೊ ಮತ್ತು ವೈಸ್‌ಮನ್ ಅವರಿಗೆ ನೊಬೆಲ್ ಬಂತು. ಅಕ್ಷರ ತಿದ್ದಿದ ಸಂಶೋಧನೆಗೆ ಬಂತು, ನ್ಯಾಯವಾಗಿಯೇ ಬಂತು. ಆದರೆ ಒಂದು ಮಾತು. ನೊಬೆಲ್ ನಿಯಮದ ಪ್ರಕಾರ ಒಂದು ಪ್ರಶಸ್ತಿಯನ್ನು ಮೂವರ ತನಕ ಹಂಚಬಹುದು. ಆ ವರ್ಷ ಇಬ್ಬರೇ ಇದ್ದರು. ಮೂರನೇ ಕುರ್ಚಿ ಖಾಲಿ ಉಳಿಯಿತು. ಅದರ ಹಿಂದಿನ ವರ್ಷ ಕೆನಡಾದ ಗೈರ್ಡ್ನರ್ ಪ್ರಶಸ್ತಿ ಕೊಟ್ಟವರು ಕರಿಕೊ, ವೈಸ್‌ಮನ್ ಜೊತೆ ಕಲ್ಲಿಸ್ ಅವರನ್ನೂ ಕೂರಿಸಿದ್ದರು. ಗುಳ್ಳೆಯ ಹಿಂದೆ ಇದ್ದವರು ಒಬ್ಬರಲ್ಲ, ಹತ್ತಾರು ಜನ. ಅದರಲ್ಲೂ ಕೋರ್ಟಿನಲ್ಲಿ ಬಡಿದಾಡಿಕೊಂಡವರು. ಯಾರನ್ನು ಕರೆದು ಕೂರಿಸುವುದು? ಜಾತ್ರೆಯಲ್ಲಿ ಎಲ್ಲರ ಕಣ್ಣು ಉತ್ಸವಮೂರ್ತಿಯ ಮೇಲೆ, ಪಲ್ಲಕ್ಕಿ ಹೊತ್ತವರ ಹೆಗಲನ್ನು ನೋಡುವವರು ಕಡಿಮೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಕಾರಣ ಕೊನೆಗೆ ಹೇಳ್ತೀನಿ ಅಂದಿದ್ದೆನಲ್ಲ. 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಸಾಲು ಸಾಲಾಗಿ ಸುದ್ದಿಯಾದವು. ಯುವಕರೂ ಇದ್ದರು. ಕೂಡಲೇ ಬೆರಳು ಕೋವಿಡ್ ಲಸಿಕೆಯ ಕಡೆ ತಿರುಗಿತು. ವಾಟ್ಸಾಪಿನಲ್ಲಿ ಹರಿದಾಡಿದ ಸಂದೇಶಗಳಲ್ಲಿ ಎಂಆರ್‌ಎನ್‌ಎ, ನ್ಯಾನೊ ಕಣ, ಡಿಎನ್‌ಎ ಬದಲಾವಣೆ, ಎಲ್ಲಾ ಒಂದೇ ಪಾತ್ರೆಗೆ ಹಾಕಿ ಕಲಸಿದ್ದರು. ಮನೆಯ ಮಗನನ್ನು ಕಳೆದುಕೊಂಡವರ ಪ್ರಶ್ನೆಯನ್ನು ನಾನು ಯಾವತ್ತೂ ಲಘುವಾಗಿ ಕಾಣಲ್ಲ. ಅವರಿಗೆ ಉತ್ತರ ಬೇಕು, ಸರಿಯಾದ ಉತ್ತರ ಬೇಕು. ಹಾಗಾಗಿ ಒಂದೊಂದಾಗಿ ನೋಡೋಣ.

ಮೊದಲನೆಯದು, ಕರ್ನಾಟಕದಲ್ಲಿ ನಮ್ಮ ಜನ ಹಾಕಿಸಿಕೊಂಡದ್ದು ಬಹುಪಾಲು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್. ಕೋವಿಶೀಲ್ಡ್‌ನಲ್ಲಿ ಇರುವುದು ನಿರುಪದ್ರವಿ ಮಾಡಿದ ಅಡಿನೋವೈರಸ್. ಕೋವ್ಯಾಕ್ಸಿನ್‌ನಲ್ಲಿ ಇರುವುದು ನಿಷ್ಕ್ರಿಯಗೊಳಿಸಿದ ಕೊರೊನಾ ವೈರಸ್. ಎರಡರಲ್ಲೂ ಎಂಆರ್‌ಎನ್‌ಎ ತುಂಬಿದ ಕೊಬ್ಬಿನ ಗುಳ್ಳೆ ಇಲ್ಲ. ಫೈಜರ್ 2021ರ ಫೆಬ್ರುವರಿಯಲ್ಲೇ ಭಾರತದಲ್ಲಿ ಹಾಕಿದ್ದ ಅರ್ಜಿ ವಾಪಸ್ ಪಡೆಯಿತು. ಮಾಡರ್ನಾಗೆ ಜೂನ್‌ನಲ್ಲಿ ಅನುಮತಿ ಸಿಕ್ಕರೂ ಲಸಿಕೆ ನಮ್ಮ ಲಸಿಕಾ ಕೇಂದ್ರಗಳಿಗೆ ಬರಲಿಲ್ಲ. ಎರಡನೆಯದು, ಎಂಆರ್‌ಎನ್‌ಎ ಡಿಎನ್‌ಎ ಇರುವ ಒಳಕೋಣೆಗೆ ಹೋಗುವುದೇ ಇಲ್ಲ. ಹೊರಗೆ ಕೆಲಸ ಮುಗಿಸಿ ಚಿಂದಿಯಾಗುತ್ತೆ. ಮೂರನೆಯದು, ಎಂಆರ್‌ಎನ್‌ಎ ಲಸಿಕೆಗೆ ಅಡ್ಡ ಪರಿಣಾಮವೇ ಇಲ್ಲವಾ? ಇದೆ. ವಿರಳವಾಗಿ, ಹೆಚ್ಚಾಗಿ ಯುವಕರಲ್ಲಿ, ಎರಡನೇ ಡೋಸ್ ನಂತರ ಹೃದಯದ ಸ್ನಾಯುವಿನ ಉರಿಯೂತ ಕಂಡಿದೆ. ಬಹುತೇಕರು ಗುಣವಾಗಿದ್ದಾರೆ. ಹತ್ತು ಲಕ್ಷ ಡೋಸ್‌ಗೆ ಬೆರಳೆಣಿಕೆಯಷ್ಟು ಜನರಿಗೆ ತೀವ್ರ ಅಲರ್ಜಿ ಆಗಿದೆ. ಇದನ್ನು ಮುಚ್ಚಿಡಬಾರದು, ಉಬ್ಬಿಸಲೂಬಾರದು. ಹಾಸನದ ಚರ್ಚೆ ನಡೆಯುತ್ತಿದ್ದಾಗಲೇ, ಹಠಾತ್ ಸಾವುಗಳಿಗೂ ಲಸಿಕೆಗೂ ನೇರ ನಂಟು ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳಲ್ಲಿ ಕಂಡುಬಂದಿಲ್ಲ ಅಂತ ಕೇಂದ್ರ ಆರೋಗ್ಯ ಸಚಿವಾಲಯ ಜುಲೈ 2ರಂದು ಹೇಳಿತು.

ನಮ್ಮ ದೇಶಕ್ಕೆ ಆ ಲಸಿಕೆ ಬರದೇ ಇದ್ದದ್ದಕ್ಕೆ ಕಾರಣಗಳಲ್ಲಿ ಒಂದು ಈ ಗುಳ್ಳೆಯ ನಾಜೂಕುತನ. ಫೈಜರ್ ಲಸಿಕೆಯನ್ನು ಆರಂಭದಲ್ಲಿ ಮೈನಸ್ 70 ಡಿಗ್ರಿಯಲ್ಲಿ ಇಡಬೇಕಿತ್ತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ 2ರಿಂದ 8 ಡಿಗ್ರಿ. ಕರೆಂಟು ಹೋದರೆ ಅದೂ ಇಲ್ಲ. ಪುಣೆಯ ಜೆನ್ನೋವಾ ಕಂಪನಿ ಸಾಮಾನ್ಯ ಫ್ರಿಜ್‌ನಲ್ಲಿ ಇಡಬಹುದಾದ ಪುಡಿ ರೂಪದ ಎಂಆರ್‌ಎನ್‌ಎ ಲಸಿಕೆ ಮಾಡಿ 2022ರ ಜೂನ್‌ನಲ್ಲಿ ಅನುಮತಿ ಪಡೆಯಿತು. ಭಾರತದ ಮೊದಲ ಎಂಆರ್‌ಎನ್‌ಎ ಲಸಿಕೆ ಅದು. ಅಷ್ಟು ಹೊತ್ತಿಗೆ ಅಲೆ ಇಳಿದಿತ್ತು, ಲಸಿಕೆ ಕೇಳುವವರೂ ಕಡಿಮೆಯಾಗಿದ್ದರು. ಆದರೆ ನಮ್ಮವರು ಮಾಡಬಲ್ಲರು ಅನ್ನೋದಂತೂ ತೋರಿಸಿದರು.

ಕೊರೊನಾ ಹೋಯಿತು, ಇನ್ನು ಈ ಗುಳ್ಳೆ ನಮಗ್ಯಾಕೆ ಅನ್ನಬೇಡಿ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ಹಸುಗೂಸಿಗೆ ಇದೇ ಗುಳ್ಳೆಯಲ್ಲಿ ಜೀನ್ ತಿದ್ದುವ ಔಷಧಿ ಕೊಟ್ಟರು. ಆ ಮಗುವಿನ ಲಿವರ್‌ನಲ್ಲಿ ಒಂದು ಜೀನ್ ಕೆಟ್ಟು ದೇಹದಲ್ಲಿ ಅಮೋನಿಯಾ ಏರುತ್ತಿತ್ತು. ಆ ಒಂದು ಮಗುವಿನ ಆ ಒಂದು ದೋಷಕ್ಕೆಂದೇ ಆರು ತಿಂಗಳಲ್ಲಿ ತಯಾರಿಸಿದ ಔಷಧಿ. ಮಗು ಚೇತರಿಸಿಕೊಂಡು ಮನೆಗೆ ಹೋಯಿತು.

ಗಮನಿಸಿ, ಅದೂ ಲಿವರ್. ಆನ್‌ಪ್ಯಾಟ್ರೋ ಕೂಡ ಲಿವರ್. ರಕ್ತಕ್ಕೆ ಬಿಟ್ಟ ಈ ಗುಳ್ಳೆಗಳು ಹೆಚ್ಚಾಗಿ ಹೋಗಿ ಸೇರುವುದು ಅಲ್ಲಿಗೇ. ಬೇರೆ ಅಂಗಗಳಿಗೆ ಕಳಿಸುವ ದಾರಿಯನ್ನು ಈಗ ಹುಡುಕುತ್ತಿದ್ದಾರೆ. ಅದರಲ್ಲಿ ಬಹಳ ಮುಖ್ಯವಾದದ್ದು ಮೂಳೆಯ ಮಜ್ಜೆ, ರಕ್ತ ಹುಟ್ಟುವ ಜಾಗ. ಇದು ನಮಗೆ ಸಂಬಂಧಪಟ್ಟದ್ದು. ಮೈಸೂರು, ಚಾಮರಾಜನಗರ ಕಡೆಯ ಕಾಡಂಚಿನ ಹಾಡಿ, ಪೋಡುಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿ, ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗುವ ಕಾಯಿಲೆ. ಮಕ್ಕಳು ನೋವಿನಿಂದ ಒದ್ದಾಡುತ್ತವೆ. 2047ರ ಹೊತ್ತಿಗೆ ಇದನ್ನು ನಿರ್ಮೂಲ ಮಾಡುತ್ತೇವೆ ಅಂತ ಕೇಂದ್ರ 2023ರಲ್ಲಿ ಅಭಿಯಾನ ಶುರು ಮಾಡಿದೆ, ಕರ್ನಾಟಕವೂ ಅದರಲ್ಲಿದೆ. ಇದಕ್ಕೆ ಜೀನ್ ತಿದ್ದುವ ಚಿಕಿತ್ಸೆ ಅಮೆರಿಕದಲ್ಲಿ ಬಂದಿದೆ, ಬೆಲೆ 22 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿ ದಾಟುತ್ತೆ. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಲ್ಯಾಬಿನಲ್ಲಿ ತಿದ್ದಿ, ಕೀಮೋ ಕೊಟ್ಟು ಹಳೆಯ ಮಜ್ಜೆಯನ್ನು ಸುಟ್ಟು, ತಿದ್ದಿದ್ದನ್ನು ಮತ್ತೆ ಸೇರಿಸಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಗುವಿಗೆ ಇದು ಎಟುಕುತ್ತಾ?

ಅದೇ ಔಷಧಿಯನ್ನು ಗುಳ್ಳೆಯೊಂದು ಹೊತ್ತು ನೇರ ಮಜ್ಜೆಗೆ ತಲುಪಿಸಿದರೆ? ಲ್ಯಾಬ್ ಬೇಡ, ಕೀಮೋ ಬೇಡ, ಒಂದು ಇಂಜೆಕ್ಷನ್ ಸಾಕಾಗಬಹುದು. 2023ರಲ್ಲಿ ಪೆನ್ಸಿಲ್ವೇನಿಯಾದ ವಿಜ್ಞಾನಿಗಳು ಮಜ್ಜೆಯ ಮೂಲಕೋಶಗಳನ್ನು ಗುರುತು ಹಿಡಿಯುವ ಗುಳ್ಳೆಯನ್ನು ಇಲಿಗಳಲ್ಲಿ ಪ್ರಯೋಗಿಸಿ ತೋರಿಸಿದ್ದಾರೆ. ಇಲಿಯಿಂದ ಮನುಷ್ಯನ ತನಕ ದಾರಿ ಉದ್ದ ಅನ್ನೋದನ್ನು ಈ ಅರವತ್ತು ವರ್ಷದ ಚರಿತ್ರೆಯೇ ಹೇಳುತ್ತೆ. ಆ ದಾರಿಗೆ ದುಡ್ಡು ಬೇಕು, ತಾಳ್ಮೆ ಬೇಕು. ಅಮೆರಿಕ ಸರ್ಕಾರವೇ 2025ರ ಆಗಸ್ಟಿನಲ್ಲಿ ಎಂಆರ್‌ಎನ್‌ಎ ಲಸಿಕೆಯ 22 ಯೋಜನೆಗಳ ಸುಮಾರು 50 ಕೋಟಿ ಡಾಲರ್ ನೆರವನ್ನು ಕೈಬಿಟ್ಟಿತು. ಅಲ್ಲಿ ಕೈಬಿಟ್ಟದ್ದನ್ನು ಇಲ್ಲಿ ಹಿಡಿಯುವ ಕೈ ಇದೆಯಾ ಅನ್ನೋದು ನನ್ನ ಪ್ರಶ್ನೆ. ಬೆಂಗಳೂರಿನಲ್ಲಿ ಲ್ಯಾಬ್‌ಗಳಿವೆ, ಔಷಧಿ ಕಂಪನಿಗಳಿವೆ, ಓದಿದ ಹುಡುಗ ಹುಡುಗಿಯರಿದ್ದಾರೆ. ಮೊಟ್ಟೆಯ ಕೊಬ್ಬನ್ನು ನೀರಿನಲ್ಲಿ ಕದಡಿ ಸುಮ್ಮನೆ ನೋಡುತ್ತಾ ಕೂತವನಿಗೂ ಸಂಬಳ ಕೊಡುವ ವ್ಯವಸ್ಥೆ ಇಂಗ್ಲೆಂಡಿನಲ್ಲಿ ಇದ್ದದ್ದಕ್ಕೆ ಈ ಗುಳ್ಳೆ ಸಿಕ್ಕಿತು. ಇದರಿಂದ ನಾಳೆ ಏನು ಲಾಭ ಅಂತ ಕೇಳದೆ ಅಂಥವನೊಬ್ಬನನ್ನು ಹತ್ತು ವರ್ಷ ಸಾಕುವ ಮನಸ್ಸು ನಮ್ಮ ಸರ್ಕಾರಗಳಿಗೆ ಬಂದರೆ, ಬಿಳಿಗಿರಿರಂಗನ ಬೆಟ್ಟದ ಆ ಮಗುವಿಗೆ 2047ರ ತನಕ ಕಾಯುವ ಪಾಡು ಇರಲಿಕ್ಕಿಲ್ಲ.